ಮನೆಯಲ್ಲಿ ಮಲಗಿದರೆ ಪಾಯಿಂಟಿಲ್ಲ

ಬುಧವಾರ, ಬೆಳಿಗ್ಗೆ
ಹೋಟೆಲಿನ ಕೆಳಗಿನ ಹಾಲಿನಿಂದ

ನನ್ನ ಚೂಟಿಗೆ,

ಅಮ್ಮ ಮಾಡುವ ಆಶೀರ್ವಾದ. ಇಷ್ಟುಹೊತ್ತಿಗೆ ನಿನ್ನ ಫೋನಿಗೆ, ಅಮ್ಮನ ಹೆಸರಿನ ಎರಡು ರಾತ್ರಿ ರದ್ದಾಗಿದೆ, ಪಾಯಿಂಟು ವಾಪಸ್ ಸೇರಿದೆ ಎಂದು ಸುದ್ದಿ ಬಂದಿರುತ್ತದೆ. ಗಾಬರಿಯಾಗಬೇಡ. ನಾನು ಬಚ್ಚಲಲ್ಲಿ ಜಾರಿ ಬಿದ್ದಿಲ್ಲ, ಆಸ್ಪತ್ರೆ ಸೇರಿಲ್ಲ, ಯಾರ ಜೊತೆಗೂ ಜಗಳ ಆಡಿಲ್ಲ. ಆಡೋಣವೆಂದು ಹುಡುಕಿಕೊಂಡು ಹೋಗಿದ್ದು ನಿಜ. ಬೈಯುವುದಕ್ಕೆ ಒಬ್ಬರೂ ಸಿಗಲಿಲ್ಲ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನನ್ನ ಬಾಯಿ ನಿನಗೆ ಗೊತ್ತು. ಮಾತು ಹೊರಡುವುದಿಲ್ಲ, ಹೊರಟರೆ ನಿಲ್ಲುವುದಿಲ್ಲ. ಅದಕ್ಕೇ ಕೌಂಟರಿನ ಹುಡುಗಿಯಿಂದ ನಾಲ್ಕು ಹಾಳೆ ಈಸಿಕೊಂಡು ಕೂತಿದ್ದೇನೆ. ಇವತ್ತು ಸಂಜೆ ನೀನು ಬ್ಯಾಗು ತೆಗೆದುಕೊಳ್ಳಲು ಇಲ್ಲಿಗೆ ಬರುತ್ತೀಯಂತೆ. ಆಗ ಇದನ್ನು ಕೊಡುತ್ತೇನೆಂದು ಹೇಳಿದ್ದಾಳೆ. ಹೌದು, ಇಲ್ಲಿಗೇ. ನಾನಿರುವುದು ನೀನು ಹೇಳಿದ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಅಲ್ಲ, ದೊಡ್ಡ ಆಸ್ಪತ್ರೆಯ ಹಿಂದಿನದರಲ್ಲಿ.

ಬೇಕೆಂದು ಬಂದದ್ದಲ್ಲ. ಸೋಮವಾರ ಬಸ್ಸಿಳಿದು ಟ್ಯಾಕ್ಸಿಯವನಿಗೆ ಹೋಟೆಲಿನ ಹೆಸರು ಹೇಳಿದೆ. "ಯಾವುದಮ್ಮ, ಎರಡಿದೆಯಲ್ಲ?" ಎಂದ. ಒಂದೇ ಹೆಸರಿನ ಎರಡು ಹೋಟೆಲ್ ಇರುತ್ತವೆಂದು ನನಗೇನು ಗೊತ್ತು? ಅಂಗಡಿಗೆ ಬೀಗ ಹಾಕಿ, ಹೊಲಿಯಲು ಬಂದ ಬಟ್ಟೆಗಳಿಗೆಲ್ಲ ಮುಂದಿನ ವಾರದ ಗಡುವು ಹೇಳಿ, ಕೂತು ಕೂತು ಸೊಂಟ ಹಿಡಿದು ಬಂದವಳು. ಯಾವುದಾದರೂ ಸರಿ, ಹತ್ತಿರದ್ದಕ್ಕೆ ಬಿಡಪ್ಪ ಎಂದೆ. ಬಿಟ್ಟ.

ನೀನು ಕಳಿಸಿದ ಮೆಸೇಜನ್ನು ಕೌಂಟರಿನ ಹುಡುಗಿಗೆ ತೋರಿಸಿದೆ. ಗಿಡ್ಡ ಕೂದಲಿನ, ನಗುವಾಗ ಕಣ್ಣು ಮುಚ್ಚಿಹೋಗುವ ಹುಡುಗಿ, ನೀನು ಬಲ್ಲೆ. ಮೊದಲು, "ಅಮ್ಮ, ಇದು ನಮ್ಮ ಇನ್ನೊಂದು ಬ್ರಾಂಚಿನ ಬುಕಿಂಗು" ಎಂದಳು. ನನ್ನ ಮುಖ ನೋಡಿ, "ಪರವಾಗಿಲ್ಲ, ಇಲ್ಲಿಗೇ ಬದಲಾಯಿಸಿ ಕೊಡ್ತೀನಿ" ಎಂದಳು. ಆಮೇಲೆ ಕಂಪ್ಯೂಟರಿನಲ್ಲಿ ನಿನ್ನ ಮೆಂಬರ್ ನಂಬರು ಹಾಕಿದವಳೇ ಕುರ್ಚಿಯಿಂದ ಎದ್ದು ನಿಂತಳು. "ಲಿಫ್ಟ್ ಮೇಡಂ ಅವರ ತಾಯಿನಾ ನೀವು? ಮೊದಲೇ ಹೇಳಬಾರದಾ. ಅವರ ಐನೂರ ಎಂಟೇ ಖಾಲಿ ಇದೆ, ಅದನ್ನೇ ಕೊಡ್ತೀನಿ."

ಅವರ ಐನೂರ ಎಂಟು ಎಂದರೆ ಏನೆಂದು ಆಗ ನನ್ನ ತಲೆಗೆ ಹೋಗಲಿಲ್ಲ. ಕಾಫಿ ತಂದುಕೊಟ್ಟರು, ಚೀಲ ಎತ್ತಿಕೊಂಡು ಹೋದರು, ಬೆಳಗಿನ ತಿಂಡಿಯೂ ಪುಕ್ಕಟೆ, ಮಧ್ಯಾಹ್ನದವರೆಗೆ ರೂಮು ಬಿಡಬೇಕಿಲ್ಲ ಎಂದರು. ಮಗಳು ಊರೂರಿನ ಲಿಫ್ಟು ಪರೀಕ್ಷೆ ಮಾಡುವುದಕ್ಕೆ ಇಷ್ಟೊಂದು ಮರ್ಯಾದೆಯೇ ಎಂದು ಹೆಮ್ಮೆಯಿಂದ ಮೇಲಕ್ಕೆ ಹೋದೆ.

ಆದರೆ ಮಲಗಿದ ಮೇಲೆ ಒಂದು ಹುಳ ಕೊರೆಯಲು ಶುರುವಾಯಿತು. ಈ ಊರಿನಲ್ಲೇ ಸ್ವಂತ ಮನೆಯಿರುವವಳನ್ನು ಈ ಊರಿನ ಹೋಟೆಲಿನವರು ಇಷ್ಟು ಚೆನ್ನಾಗಿ ಬಲ್ಲರು ಎಂದರೆ ಏನರ್ಥ? ನೀನು ಫೋನಿನಲ್ಲಿ ಹೇಳಿದ್ದನ್ನೆಲ್ಲ ನೆನಪಿಸಿಕೊಂಡೆ. "ಅಮ್ಮ, ದುಡ್ಡು ಕೊಟ್ಟು ಮಲಗೋರು ದಡ್ಡರು. ಕಂಪನಿ ನನ್ನನ್ನ ಊರೂರು ಸುತ್ತಿಸುತ್ತೆ, ಮಲಗಿದ ರಾತ್ರಿಗೆಲ್ಲ ಪಾಯಿಂಟು ಸೇರುತ್ತೆ. ಅದರಲ್ಲಿ ನೀನು ಮಹಾರಾಣಿ ಥರ ಮಲಗು" ಎಂದಿದ್ದೆ. ಮಲಗಿದ್ದಕ್ಕೆ ಯಾರಾದರೂ ಬಹುಮಾನ ಕೊಡುತ್ತಾರೆಯೇ ಎಂದರೆ ನಕ್ಕಿದ್ದೆ. ವರ್ಷಕ್ಕೆ ಇಷ್ಟು ರಾತ್ರಿ ಮಲಗದಿದ್ದರೆ ಗೋಲ್ಡ್ ದರ್ಜೆ ಹೋಗಿಬಿಡುತ್ತದೆ, ಬಳಸದಿದ್ದರೆ ಪಾಯಿಂಟು ಸತ್ತುಹೋಗುತ್ತದೆ ಎಂದೂ ವಿವರಿಸಿದ್ದೆ. ನನಗೆ ಆಗಲೂ ಅರ್ಥವಾಗಿರಲಿಲ್ಲ, ಈಗಲೂ ಆಗಿಲ್ಲ. ನಾನು ಒಂದೇ ಮನೆಯಲ್ಲಿ, ಒಂದೇ ಮಂಚದಲ್ಲಿ ನಲವತ್ತು ವರ್ಷ ಮಲಗಿದ್ದೇನೆ. ಯಾರೂ ಬಂದು ನನ್ನ ದರ್ಜೆ ಏರಿಸಲಿಲ್ಲ.

ಮಂಗಳವಾರ ಬೆಳಿಗ್ಗೆ ಬಾಗಿಲು ತಟ್ಟಿದ ಶಬ್ದವಾಯಿತು. ತೆರೆದರೆ ರೂಮು ಗುಡಿಸುವ ಹೆಂಗಸು, ನನಗಿಂತ ಸ್ವಲ್ಪ ಚಿಕ್ಕವಳು. ಒಂದು ಕೈಯಲ್ಲಿ ಟವೆಲು, ಇನ್ನೊಂದು ಕೈಯಲ್ಲಿ ಲೋಳೆಸರದ ಗಿಡ. ನನ್ನನ್ನು ನೋಡಿ ಅಲ್ಲೇ ನಿಂತಳು. "ರೂಮಿಗೆ ಜನ ಬಂದಿದಾರೆ ಅಂದ್ರು, ಮೇಡಂ ವಾಪಸ್ ಬಂದ್ರು ಅಂದ್ಕೊಂಡೆ. ಗಿಡ ಕಿಟಕೀಲಿ ಇಡೋಣ ಅಂತ ತಂದೆ" ಎಂದಳು.

ಚೂಟಿ, ಗಿಡ ಯಾರದಾದರೂ ಇರಬಹುದು. ಆದರೆ ಅದು ಕೂತಿದ್ದ ಡಬ್ಬಿ ನನ್ನದು. ಅಂಗಡಿಯ ಗುಂಡಿ ಡಬ್ಬಿ. ಒಂದು ಪಕ್ಕ ನೆಗ್ಗಿದ್ದು. ನೀನು ಮದುವೆಯಾಗಿ ಹೊರಟಾಗ ಗುಂಡಿಗಳನ್ನೆಲ್ಲ ಬೇರೆ ಕಡೆ ಸುರಿದು, ನಾನೇ ತಳಕ್ಕೆ ತೂತು ಹೊಡೆದು, ನಮ್ಮ ಹಿತ್ತಲಿನ ಮರಿ ನೆಟ್ಟು ಕೊಟ್ಟದ್ದು. ಕಿಟಕಿಯ ಕಟ್ಟೆ ನೋಡಿದೆ. ಬಿಳಿ ಕಲ್ಲಿನ ಮೇಲೆ ಆ ಡಬ್ಬಿಯಷ್ಟೇ ಅಗಲದ ತುಕ್ಕಿನ ಉಂಗುರ. ಅಂಥ ಉಂಗುರ ಒಂದು ದಿನದಲ್ಲಿ ಕೂರುವುದಿಲ್ಲ. ಒಂದು ರಾತ್ರಿಯ ಕೆಲಸಕ್ಕೆಂದು ಬಂದವರು ಮನೆಯ ಗಿಡ ಹೊತ್ತುಕೊಂಡು ಬರುವುದೂ ಇಲ್ಲ.

ನಾನು ಅವಳ ತಾಯಿ ಎಂದೆ. ಆ ಹೆಂಗಸಿಗೆ ಸಂತೋಷವೋ ಸಂತೋಷ. ಪಾಪ, ನನಗೆ ಎಲ್ಲ ಗೊತ್ತೆಂದೇ ತಿಳಿದು ಟವೆಲು ಮಡಚುತ್ತಾ ಹೇಳಿಕೊಂಡು ಹೋದಳು. ಮೇಡಂ ಬೇರೆ ಊರಿಗೆ ಹೋದಾಗ ಗಿಡಕ್ಕೆ ನೀರು ಹಾಕುವುದು ಅವಳೇ ಅಂತೆ. ಬಟ್ಟೆಯ ದೊಡ್ಡ ಬ್ಯಾಗು ಕೆಳಗಿನ ಸಾಮಾನು ಕೋಣೆಯಲ್ಲೇ ಇರುತ್ತದಂತೆ. ಬೇರೆ ಊರಿನ ಹೋಟೆಲುಗಳಲ್ಲಿ ಪಾಯಿಂಟು ಕೂಡಿಸಿಕೊಂಡು ಬಂದು ಇಲ್ಲಿ ಕಳೆಯುತ್ತಾರೆ, ಬಲು ಜಾಣೆ ಎಂದು ಹೊಗಳಿದಳು. ಎಷ್ಟು ದಿನದಿಂದ ಎಂದು ನಾನು ಕೇಳಲಿಲ್ಲ. ಮತ್ತೆ ಈ ವಾರ ಎಲ್ಲಿದ್ದಾಳೆ ಎಂದು ಮಾತ್ರ ಕೇಳಿದೆ. "ಆಫೀಸಲ್ಲೇ ಸೋಫಾ ಇದೆಯಲ್ಲ, ಅಲ್ಲಿ. ಇದ್ದ ಪಾಯಿಂಟೆಲ್ಲ ಯಾರಿಗೋ ಕೊಟ್ಟುಬಿಟ್ಟೆ ಅಂದ್ರು" ಎಂದಳು. ಹೇಳಿದ ಮೇಲೆ ಅವಳಿಗೆ ಹೊಳೆಯಿತು, ಆ ಯಾರೋ ಯಾರೆಂದು. ಇಬ್ಬರೂ ಹಾಸಿಗೆಯ ಕಡೆ ನೋಡಿದೆವು.

ಗುರುವಾರದವರೆಗೆ ಬೇರೆ ಊರಿನಲ್ಲಿ ಲಿಫ್ಟು ನೋಡುವ ಕೆಲಸವಿದೆ ಎಂದ ನಿನ್ನ ಮಾತು ನಂಬಿ ನಾನು ಮಹಾರಾಣಿಯ ಹಾಗೆ ಕಾಲು ಚಾಚಿದ್ದೆ.

ಆಗ ನನಗೆ ಒಂದೊಂದೇ ನೆನಪಾಯಿತು. ಹೋದ ಸಲ ಬರುತ್ತೇನೆಂದಾಗ ನಿಮ್ಮ ಮನೆಯ ನೀರಿನ ಪೈಪು ಒಡೆದಿತ್ತು. ಅದಕ್ಕೂ ಮೊದಲು ಅಳಿಯಂದಿರಿಗೆ ಪರೀಕ್ಷೆಯ ಪೇಪರು ತಿದ್ದುವ ಕೆಲಸವಿತ್ತು. ಈ ಸಲ ಮನೆಗೆ ಬಣ್ಣ. ನಾನು ಪೆದ್ದಿ, ಯಾವ ಬಣ್ಣ ಹೊಡೆಸುತ್ತಿದ್ದೀರೆಂದು ಕೇಳಿದ್ದೆ. ನೀನು ತಡವರಿಸದೆ ತಿಳಿಹಸಿರು ಎಂದಿದ್ದೆ.

ಮಧ್ಯಾಹ್ನ ನಿನ್ನ ಮನೆಗೆ ಹೋದೆ. ದಾರಿಯುದ್ದಕ್ಕೂ ಬೈಗುಳ ಹೊಂದಿಸಿಕೊಂಡೇ ಹೋದೆ. ಮೇಷ್ಟ್ರ ಕೆಲಸ ಮಾಡುವವರು, ನಾಲ್ಕು ಮಕ್ಕಳಿಗೆ ಬುದ್ಧಿ ಹೇಳುವವರು, ಕಟ್ಟಿಕೊಂಡವಳನ್ನು ಬೀದಿಗೆ ಬಿಟ್ಟಿರಾ ಎಂದು ಶುರುಮಾಡುವುದೆಂದು ತೀರ್ಮಾನಿಸಿದ್ದೆ. ಅಳಿಯಂದಿರು ಬಾಗಿಲು ತೆಗೆದರು. ನನ್ನನ್ನು ನೋಡಿದರು, ನನ್ನ ಹಿಂದಿನ ಮೆಟ್ಟಿಲ ಕಡೆ ನೋಡಿದರು. "ಒಳಗೆ ಬನ್ನಿ ಅತ್ತೆ. ಅವಳೂ ಬಂದಿದಾಳಾ?" ಎಂದರು. ಆ ಕೇಳಿದ ರೀತಿಗೆ ನಾನು ಹೊಂದಿಸಿಕೊಂಡಿದ್ದ ಬೈಗುಳವೆಲ್ಲ ಕೆಲಸಕ್ಕೆ ಬಾರದೆ ಹೋಯಿತು. ಅವರ ಅಂಗಿಯ ಎರಡನೇ ಗುಂಡಿ ಕಿತ್ತುಹೋಗಿತ್ತು.

ಬಿಚ್ಚಿ ಕೊಡಿ ಎಂದು ಅಂಗಿ ಈಸಿಕೊಂಡೆ. ಸೂಜಿದಾರ ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಕೈಗೆ ಕೆಲಸವಿದ್ದರೆ ಎದುರಿನವರ ಮುಖ ನೋಡಬೇಕಿಲ್ಲ. ಅವರು ಬನಿಯನ್ನಿನಲ್ಲಿ ಕೂತು ಹೇಳಿದರು. ನನಗೆ ತಿಳಿದಿದೆಯೆಂದೇ ಅವರೂ ನಂಬಿದ್ದರು. "ಅಮ್ಮಂಗೆ ನಾನೇ ಹೇಳ್ತೀನಿ ಅಂದಿದ್ಲು" ಎಂದರು.

ಏನಾಯಿತು ಎಂದು ಕೇಳಿದೆ. "ಅದೇ ನನಗೂ ಗೊತ್ತಾಗ್ತಿಲ್ಲ ಅತ್ತೆ. ನಾವು ಜಗಳಾನೂ ಆಡ್ಲಿಲ್ಲ. ಅವಳು ಊರಿಂದ ಬರ್ತಿದ್ಲು, ನಾನು ಪೇಪರ್ ತಿದ್ತಿರ್ತಿದ್ದೆ. ಊಟ ಆಯ್ತಾ ಅಂದ್ರೆ ಆಯ್ತು. ಬರ್ತಾ ಬರ್ತಾ ಅವಳು ಸೂಟ್‌ಕೇಸ್ ಬಿಚ್ಚೋದೇ ಬಿಟ್ಲು. ಒಂದಿನ ಕೇಳಿದೆ, ಏನು, ಹೋಟೆಲಲ್ಲಿ ಇದ್ದ ಹಾಗೆ ಇದೀಯಲ್ಲ ಅಂತ. ಅಲ್ಲಿ ಬಂದಾಗ ಕನಿಷ್ಠ ಹೆಸರು ಹಿಡಿದು ಮಾತಾಡಿಸ್ತಾರೆ ಅಂದ್ಲು. ಮಾರನೇ ದಿನ ಹೋದ್ಲು."

ಇಷ್ಟೇ ಅಂತೆ. ಇಷ್ಟಕ್ಕೇ ಮನೆ ಬಿಡುತ್ತಾರೆಯೇ? ನಾನೂ ನಿಮ್ಮಪ್ಪನೂ ವರ್ಷಗಟ್ಟಲೆ ಉಪ್ಪು, ಹುಳಿ, ಕರೆಂಟು ಬಿಲ್ಲು ಬಿಟ್ಟರೆ ಬೇರೆ ಮಾತಾಡಿದ್ದು ಕಡಿಮೆ. ಅದನ್ನೇ ಸಂಸಾರ ಎಂದುಕೊಂಡಿದ್ದೆವು. ನೀನು ಅದನ್ನೇ ಒಂಟಿತನ ಎನ್ನುತ್ತೀಯೋ ಏನೋ. ನೀನು ತಪ್ಪೋ, ನಾವೇ ಏನನ್ನೋ ಕಾಣದೆ ಬದುಕಿದೆವೋ, ಗುಂಡಿ ಹೊಲಿಯುತ್ತಾ ಎಷ್ಟು ಯೋಚಿಸಿದರೂ ದಾರದ ತುದಿ ಸಿಗಲಿಲ್ಲ.

ಬೇರೆ ಬಾಡಿಗೆ ಮನೆಯನ್ನಾದರೂ ಹಿಡಿಯಬಾರದಿತ್ತೇ ಎಂದೆ. ಅವರೂ ಹಾಗೇ ಹೇಳಿದ್ದರಂತೆ. ಇಲ್ಲವಾದರೆ ಮನೆ ಬಿಟ್ಟು ನಾನೇ ಹೋಗುತ್ತೇನೆ ಎಂದೂ ಹೇಳಿದ್ದರಂತೆ. ನೀನು ಎರಡಕ್ಕೂ ಒಪ್ಪಲಿಲ್ಲವಂತೆ. "ಮನೆ ಹಿಡಿದ್ರೆ ಮುಗೀತು ಅಂತ ಅರ್ಥ ಅಂದ್ಲು. ಹೋಟೆಲಲ್ಲಿದ್ರೆ ಇನ್ನೂ ಪ್ರಯಾಣದಲ್ಲಿದೀನಿ ಅಂತ ಅಂದ್ಕೋಬಹುದಂತೆ." ಇದನ್ನು ಹೇಳಿ ಅಳಿಯಂದಿರು ಕಿಟಕಿಯ ಕಡೆ ತಿರುಗಿದರು. ನಾನು ದಾರ ಹಲ್ಲಿನಲ್ಲಿ ಕಡಿದೆ.

ಇವತ್ತು ಬೆಳಿಗ್ಗೆ ಇಲ್ಲಿಗೆ ಬಂದು ಕೌಂಟರಿನ ಹುಡುಗಿಗೆ, ನನ್ನ ಹೆಸರಿನಲ್ಲಿ ಉಳಿದ ಎರಡು ರಾತ್ರಿ ನನಗೆ ಬೇಡ, ಮಗಳಿಗೆ ವಾಪಸ್ ಹಾಕು ಎಂದೆ. ಸಾಮಾನ್ಯವಾಗಿ ಅರ್ಧದಲ್ಲಿ ಬಿಟ್ಟರೆ ಪಾಯಿಂಟು ಹಿಂದಕ್ಕೆ ಬರುವುದಿಲ್ಲವಂತೆ. ಯಾರಿಗೋ ಫೋನು ಮಾಡಿದಳು, ಗೋಲ್ಡ್ ಮೆಂಬರ್ ಎಂದು ಎರಡು ಸಲ ಒತ್ತಿ ಹೇಳಿದಳು, ಕೊನೆಗೆ ಆಯಿತು ಎಂದಳು. ನಿನ್ನ ದರ್ಜೆಗೆ ನಾನು ಕಂಡ ಪ್ರಯೋಜನ ಅದೊಂದೇ. ಇವತ್ತು ರಾತ್ರಿಯಿಂದಲೇ ಐನೂರ ಎಂಟು ನಿನ್ನದು. ಹಾಸಿಗೆ ಹೊಸದಾಗಿ ಹಾಸಿದ್ದಾರೆ. ದಯವಿಟ್ಟು ಆ ಸೋಫಾದ ಮೇಲೆ ಮಲಗಬೇಡ. ನಿನಗೆ ಚಿಕ್ಕಂದಿನಿಂದ ಕುತ್ತಿಗೆ ಹಿಡಿಯುತ್ತದೆ.

ನಿನ್ನೆ ಸಂಜೆ ನೀನು ಫೋನು ಮಾಡಿ ರೂಮು ಹೇಗಿದೆಯೆಂದು ಕೇಳಿದಾಗ ಚೆನ್ನಾಗಿದೆ, ಸ್ಟೇಷನ್ನಿನ ಗದ್ದಲ ಸ್ವಲ್ಪ ಜಾಸ್ತಿ ಎಂದೆ. ನೀನು, ಇಲ್ಲಿ ಕೆಲಸ ಜೋರಾಗಿದೆ, ಹೊಸ ಊರು ಚೆನ್ನಾಗಿದೆ ಎಂದೆ. ತಾಯಿಗೆ ತಕ್ಕ ಮಗಳು. ಫೋನಿಟ್ಟ ಮೇಲೆ ನನಗೆ ನಗುವೂ ಬಂತು, ಅಳುವೂ ಬಂತು, ಯಾವುದನ್ನು ಮೊದಲು ಮಾಡುವುದೆಂದು ತಿಳಿಯಲಿಲ್ಲ.

ಮನೆಗೆ ಹೋಗು ಎಂದು ನಾನು ಬರೆಯುವುದಿಲ್ಲ. ಹೋಗಬೇಡ ಎಂದೂ ಬರೆಯುವುದಿಲ್ಲ. ಬಟ್ಟೆಯಾದರೆ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಮುಟ್ಟಿ ಹೇಳಬಲ್ಲೆ, ಇದು ನನ್ನ ಕೈಗೆ ಸಿಗುವ ಬಟ್ಟೆಯಲ್ಲ. ನನ್ನ ಹತ್ತಿರ ಮುಚ್ಚಿಟ್ಟೆಯೆಂಬ ಸಿಟ್ಟು ಇದೆ. ಇರುವ ರಾತ್ರಿಗಳನ್ನೆಲ್ಲ ನನಗೆ ಸುರಿದು ನೀನು ಸೋಫಾದ ಮೇಲೆ ಮುದುಡಿಕೊಂಡೆಯೆಂದರೆ ಆ ಸಿಟ್ಟನ್ನು ಎಲ್ಲಿ ಇಡುವುದೆಂದು ಗೊತ್ತಾಗುತ್ತಿಲ್ಲ. ನಾಳೆ ಸಂಜೆ ಸ್ಟೇಷನ್ ಹೋಟೆಲಿನಲ್ಲಿ ಸಿಗುವುದೆಂದು ಮಾತಾಗಿತ್ತು. ಅಲ್ಲಿ ಬೇಡ, ಇಲ್ಲೇ ಇರು. ನಾನೇ ಬರುತ್ತೇನೆ. ನಿನಗೆ ಹೇಳಬೇಕೆನಿಸಿದರೆ ಹೇಳು. ಇಲ್ಲವಾದರೆ ಪಾಯಿಂಟಿನ ಲೆಕ್ಕವನ್ನೇ ಇನ್ನೊಮ್ಮೆ ವಿವರಿಸು. ಅರ್ಥವಾಗದಿದ್ದರೂ ಕೇಳುತ್ತಾ ಕೂರುತ್ತೇನೆ.

ಏನೂ ತಿಳಿಯದಿದ್ದರೂ ನಿನ್ನ ಕಡೆಯವಳೇ ಆದ,
ಅಮ್ಮ

ಮರೆತ ಮಾತು: ನಾನು ಎರಡು ರಾತ್ರಿ ಬಿಟ್ಟುಕೊಟ್ಟು ಎಲ್ಲಿ ಮಲಗುತ್ತೇನೆಂದು ನೀನು ಕೇಳಿಯೇ ಕೇಳುತ್ತೀಯ. ಹೇಳಬಾರದೆಂದಿದ್ದೆ. ನಿನ್ನೆ ರಾತ್ರಿಯೂ ನಾನು ಈ ಹೋಟೆಲಿನಲ್ಲಿರಲಿಲ್ಲ, ನಿನ್ನ ಮನೆಯಲ್ಲಿದ್ದೆ. ಫೋನಿನಲ್ಲಿ ಮಾತಾಡಿದ್ದೂ ಅಲ್ಲಿಂದಲೇ. ಅಳಿಯಂದಿರು ಎದುರಿಗೇ ಕೂತಿದ್ದರು, ನಿನ್ನ ದನಿ ಕೇಳಿಸುತ್ತದೆಯೇನೋ ಎಂದು ಪಂಖ ಆರಿಸಿದ್ದರು. ಆಮೇಲೆ ನನಗೆ ಹಾಸಿಗೆ ಹಾಸಿಕೊಟ್ಟು, ಬಾಗಿಲ ಹತ್ತಿರ ನಿಂತು, "ಅವಳಿಗೆ ಅಲ್ಲಿ ನಿದ್ದೆ ಬರ್ತಿದೆಯಾ ಅತ್ತೆ?" ಎಂದು ಕೇಳಿದರು. ಗೊತ್ತಿಲ್ಲಪ್ಪ, ಕೇಳಿ ಹೇಳುತ್ತೇನೆ ಎಂದೆ. ಬರುತ್ತಿದೆಯಾ?