ಅಪ್ಪನ ಕೋಣೆಗೆ ಒಂದು ವೈಫೈ ಕಾರ್ಡು

ಪ್ರೀತಿಯ ಪುಟ್ಟಿ,

ಅಪ್ಪ ನಿನ್ನನ್ನೇ ನೋಡುತ್ತ ನೀಲಿ ಸ್ವೆಟರ್ ಚೆನ್ನಾಗಿದೆ ಅಂದರೆಂದು ಭಾನುವಾರದ ವಿಡಿಯೊ ಕರೆಯಲ್ಲಿ ನೀನು ಕುಣಿದಾಡಿದೆಯಲ್ಲ, ಆ ಸಂತೋಷವನ್ನು ಹಾಳುಮಾಡುವ ಕಾಗದ ಇದು. ಬಯ್ಯುವುದಿದ್ದರೆ ಪೂರ್ತಿ ಓದಿ ಬಯ್ಯಿ.

ಗಡಿಯಾರ ರಿಪೇರಿಯಲ್ಲೇ ಸವೆದ ಅವರ ಕಣ್ಣಿಗೆ ಡಾಕ್ಟರು ಹೆಚ್ಚೆಂದರೆ ಮೂರು ವಾರ ಕೊಟ್ಟಿದ್ದರು. ನೀನು ನರ್ಸಾಗಿರುವ ಹಡಗು ದಡ ಸೇರಲು ಎರಡು ತಿಂಗಳಿತ್ತು. "ಒಂದ್ಸಲ ಅವಳ ಮುಖ ಸರಿಯಾಗಿ ನೋಡ್ಬಿಡ್ತೀನಿ ಕಣೋ, ಆಮೇಲೆ ಕತ್ತಲಾದ್ರೂ ಆಗ್ಲಿ" ಅಂದರು ಅಪ್ಪ. ಫೋನಿನಲ್ಲಿ ನೀನು ಅವರಿಗೆ ಬರೀ ಮಸುಕು ಚುಕ್ಕೆ. ಅದಕ್ಕೇ ದೊಡ್ಡ ಪರದೆಯ ಹೊಸ ಲ್ಯಾಪ್‌ಟಾಪ್ ತಂದೆ. ಅದರೊಳಗೆ ಸಿಗ್ನಲ್ ಹಿಡಿಯುವ ವೈಫೈ ಕಾರ್ಡು ಮಾತ್ರ ದಂಡ. ಅಪ್ಪ ಹಾಸಿಗೆ ಹಿಡಿದು ಮಲಗಿರುವ ಹಿಂದಿನ ಕೋಣೆಯಲ್ಲಿ ನಿನ್ನ ಮುಖ ಚೂರುಚೂರಾಗಿ ನಿಂತುಬಿಡುತ್ತಿತ್ತು.

ಬೇರೆ ಕಾರ್ಡು ಹುಡುಕಲು ಕೂತೆ. ಪೊರಕೆ ಕೊಳ್ಳಲೂ ಮೂರು ಅಂಗಡಿ ಸುತ್ತುವವನು ಎಂದು ಅಪ್ಪ ನನ್ನನ್ನು ಆಡಿಕೊಳ್ಳುತ್ತಿದ್ದದ್ದು ಸುಳ್ಳಲ್ಲ. ಯಾವುದಕ್ಕೆ ವೇಗ ಹೆಚ್ಚು, ಯಾವುದು ಗೋಡೆ ದಾಟುತ್ತದೆ ಎಂದು ಒಂಬತ್ತು ದಿನ ಅಳೆದೂ ಸುರಿದೂ, ಎಲ್ಲಕ್ಕಿಂತ ಹೊಸದನ್ನು ತರಿಸಿದೆ. ಲ್ಯಾಪ್‌ಟಾಪಿನ ಮಾಡೆಲ್ ಯಾವುದೆಂದು ಕಂಪ್ಯೂಟರ್ ರಿಪೇರಿ ಅಂಗಡಿಯಾಕೆ ಕೇಳಿದ್ದಳು. ನನಗೇ ಪಾಠವೇ ಎಂದುಕೊಂಡು ಹೇಳಲಿಲ್ಲ. ಕಾರ್ಡು ಅಚ್ಚುಕಟ್ಟಾಗಿ ಕೂತಿತು, ಲ್ಯಾಪ್‌ಟಾಪು ಅದನ್ನು ಗುರುತಿಸಲೇ ಇಲ್ಲ. ವಾಪಸು ಕಳಿಸಿ ಸರಿಯಾದದ್ದು ಬರುವಷ್ಟರಲ್ಲಿ ಇನ್ನೂ ಹನ್ನೆರಡು ದಿನ.

ದಿನವೂ ಅಪ್ಪ "ಬಂತಾ?" ಅನ್ನೋರು. ಶುಕ್ರವಾರ ಹಾಗೆ ಕೇಳಲಿಲ್ಲ. ಕಿಟಕಿ ಯಾವ ಕಡೆಗಿದೆ ಎಂದು ಕೇಳಿದರು. ಶನಿವಾರ ಕಾರ್ಡು ಬಂತು.

ಭಾನುವಾರ ನಿನ್ನ ಹುಬ್ಬಿನ ಮೇಲಿನ ಗಾಯದ ಗುರುತೂ ಕಾಣುತ್ತಿತ್ತು, ನನಗೆ. ನೀನು ಪರದೆಯ ಮೇಲೆ ಬರುವ ಮೊದಲೇ ಅಪ್ಪನ ಗದ್ದ ಹಿಡಿದು ಅತ್ತ ತಿರುಗಿಸಿಟ್ಟವನು ನಾನು. ದಿಂಬು ಸರಿಮಾಡುವ ನೆಪದಲ್ಲಿ ಸ್ವೆಟರಿನ ಬಣ್ಣ ಕಿವಿಯಲ್ಲಿ ಹೇಳಿದವನೂ ನಾನೇ. ಹಡಗಲ್ಲಿ ನೀನು ಒಬ್ಬಳೇ ಅಳುತ್ತೀಯ, ಹೇಳಬೇಡ ಅಂತ ಅಪ್ಪ ನನಗೆ ಅಂದಿದ್ದರು. ಮುಂದಿನ ವಾರ ಹೊಸ ಕನ್ನಡಕ ಹಾಕಿಕೊಂಡು ತೋರಿಸುತ್ತೇನೆ ಎಂದೆಯಲ್ಲ, ಆಮೇಲೆ ನನ್ನಿಂದ ತಡೆಯಲಾಗಲಿಲ್ಲ.

ಸೋಮವಾರ ಅಂಗಡಿಯಾಕೆಗೆ ಎಲ್ಲವನ್ನೂ ಹೇಳಿಕೊಂಡೆ. ಅವಳು ಅಂದಳು: "ಕಾರ್ಡ್ ಯಾಕ್ ಬೇಕಿತ್ತು ಸಾರ್? ರೂಟರಿಂದ ಕೋಣೆಗೆ ಇಪ್ಪತ್ತಡಿ ನೆಟ್ ಕೇಬಲ್ ಎಳೆದಿದ್ರೆ ಅವತ್ತೇ ನಿಮ್ಮಪ್ಪ ಮಗಳನ್ನ ನೋಡ್ತಿದ್ರಲ್ಲ."

ಅಂಥದ್ದೊಂದು ಸುರುಳಿ ನಮ್ಮ ಅಟ್ಟದ ಮೇಲೇ ಇದೆ, ಪುಟ್ಟಿ.

ಕರೆ ಮಾಡುವುದನ್ನು ನಿಲ್ಲಿಸಬೇಡ. ಬಂದ ದಿನ ಮೊದಲು ಅವರ ಬೆರಳಿಗೆ ನಿನ್ನ ಮುಖ ಕೊಡು. ನಿನ್ನ ಹಡಗು ಕ್ಷೇಮವಾಗಿ ದಡ ಸೇರಲಿ.

ಕ್ಷಮಿಸು ಎನ್ನಲು ಮುಖವಿಲ್ಲದ,
ನಿನ್ನ ಅಣ್ಣ