ಕಚ್ಚಿದ ಪದಕ

ಎಮ್ಮಿಗನೂರಿನ ರೈಸ್ ಮಿಲ್ ಕೊಟ್ರಯ್ಯನವರಿಗೆ, ಕಂಪ್ಲಿಯಿಂದ ತ್ರಿವೇಣಿಯ ಸೋದರಮಾವ ಈಶ್ವರ್ ಮಾಡುವ ಶರಣಾರ್ಥಿ.

ಹುಡುಗಿ ಒಪ್ಪಿಗೆ ಅಂತ ಹೇಳಿ ಕಳಿಸಿದ್ದೀರಿ. ಉತ್ತರ ನಾನೇ ಬರೆಯುತ್ತಿದ್ದೇನೆ. ನನ್ನಷ್ಟು ಚೆಂದ ಬರೆಯುವವರು ನಮ್ಮ ಓಣಿಯಲ್ಲೇ ಇಲ್ಲ.

ನೀವು ಹೆಣ್ಣು ನೋಡಲು ಬಂದ ದಿನ ತ್ರಿವೇಣಿ ಹಾಕಿಕೊಂಡಿದ್ದ ಸರ, ಝುಮಕಿ ಆಕೆಯದೇ ಕೈಕೆಲಸ. ಹಂಪಿಯ ಕಂಬದ ಮೇಲಿನ ಬಳ್ಳಿ ನೋಡಿ ಡಿಸೈನ್ ಬರೆದಳು. ಹೊಳೆಯ ಮಣ್ಣು, ನಿಮ್ಮದೇ ಮಿಲ್ಲಿನ ಭತ್ತದ ಹೊಟ್ಟಿನಲ್ಲಿ ಸುಟ್ಟದ್ದು. ಮೊದಲು ಕರಿ ಬಣ್ಣ ಬಳಿದು, ಒಣಗಿದ ಮೇಲೆ ಬಂಗಾರದ ಬಣ್ಣವನ್ನು ಬೆರಳಿನಿಂದ ಉಬ್ಬಿನ ಮೇಲಷ್ಟೇ ತಿಕ್ಕುವ ಯುಕ್ತಿ ಮಾತ್ರ ನನ್ನದು. ಅದಕ್ಕೇ ಅದು ಅಜ್ಜಿ ಕಾಲದ ಒಡವೆಯಂತೆ ಕಂಡಿತು.

ಹುಡುಗಿ ಏನೂ ಮುಚ್ಚಿಡಲಿಲ್ಲ. "ಇದು ಮಣ್ಣಿಂದ್ರೀ ಅತ್ತಿ, ನಾನಾ ಮಾಡೀನಿ" ಅಂದಳು.

"ಬಂಗಾರ ನಮಗ ಗೊತ್ತಾಗಲ್ಲೇನವಾ?" ಎನ್ನುತ್ತ ನಿಮ್ಮ ಮನೆಯವರು ಆಕೆಯ ಕೊರಳಲ್ಲಿದ್ದ ಪದಕವನ್ನು ಹಾಗೇ ಎಳೆದು, ಎಲೆಅಡಿಕೆ ತುಂಬಿದ ಬಾಯಿಗಿಟ್ಟು ಕಚ್ಚಿದರು. ಆಮೇಲೆ ಕೆಂಪು ಎಂಜಲು ಸಮೇತ ಆಕೆಯ ಎದೆಯ ಮೇಲೆ ಬಿಟ್ಟರು. ಸಂತೆಯಲ್ಲಿ ಎತ್ತಿನ ಬಾಯಿ ತೆರೆದು ನೋಡುವವರೂ ಆಮೇಲೆ ಕೈ ತೊಳೆಯುತ್ತಾರೆ.

ತ್ರಿವೇಣಿ ಮೈ ತೊಳೆದುಕೊಂಡು ಬಂದು, "ಮಾಮಾ, ಆ ಮನಿ ಬ್ಯಾಡ" ಅಂದಳು. ನಮಗೂ ಬ್ಯಾಡ.

ಪದಕದ ಅಂಚಿನ ಒಂದು ಚೂರು ನಿಮ್ಮ ಮನೆಯವರ ಬಾಯಲ್ಲೇ ಹೋಗಿದೆ. ಸಿಕ್ಕರೂ ದಯವಿಟ್ಟು ಕಳಿಸಬೇಡಿ. ಉಳಿದದ್ದನ್ನು ತೊಳೆದು ಪಡಸಾಲೆಯ ಗೂಟಕ್ಕೆ ತೂಗುಹಾಕಿದ್ದೇನೆ. ಮುಂದೆ ಹೆಣ್ಣು ನೋಡಲು ಬರುವವರಿಗೆ, ಕುಂತ ಕೂಡಲೇ, ಮೊದಲು ಆ ಹಲ್ಲಿನ ಗುರುತು ತೋರಿಸುತ್ತೇನೆ.

ಇಂತಿ, ನಿಮಗೆ ಬೀಗನಾಗದೆ ಉಳಿದ,
ಈಶ್ವರ್