ಎಡಗಡೆ ಖಾಲಿ ಇರುವ ಜಾಗ

ಲೊಕ್ರೇಗ್, ಫೈಫ್
ಭಾನುವಾರ, 11 ಜುಲೈ 1993

ಪ್ರೀತಿಯ ರೂರಿ ಕಂದಾ,

ಮೊಣಕಾಲು ಹೇಗಿದೆ? ಊತ ಪೂರ್ತಿ ಇಳಿಯಿತೇ? ನೋವು ಬರುವುದು ಮೆಟ್ಟಿಲು ಹತ್ತುವಾಗಲೋ ಇಳಿಯುವಾಗಲೋ ಎಂದು ಸರಿಯಾಗಿ ತಿಳಿಸು. ಎರಡಕ್ಕೂ ವ್ಯತ್ಯಾಸವಿದೆ ಎಂದು ನಿನ್ನ ತಾತ ಹೇಳುತ್ತಾರೆ. ಅವರ ಎರಡೂ ಮೊಣಕಾಲು ಹೋಗಿರುವುದರಿಂದ ಆ ಒಂದು ವಿಷಯದಲ್ಲಿ ಅವರನ್ನು ನಂಬುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ನೀನಿರುವ ಮನೆಗೆ ಎಷ್ಟು ಸಲ ಫೋನ್ ಮಾಡಿದರೂ ಮನೆಯೊಡತಿ "ಈಗ ತಾನೇ ಹೊರಗ್ ಹೋದ" ಎನ್ನುತ್ತಾರೆ. ಪಾಪ, ಆಕೆಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಮೊನ್ನೆ ಆಕೆಯ ಹಿಂದಿನಿಂದ ನಿನ್ನ ಕೆಮ್ಮು ನನಗೇ ಕೇಳಿಸಿತು. ಅದಕ್ಕೇ ಈ ಪತ್ರ. ಪತ್ರವಾದರೆ ನಾನು ಮಾತು ಮುಗಿಸುವವರೆಗೆ ಯಾರೂ ಫೋನ್ ಇಡುವಂತಿಲ್ಲ.

ನಾವು ಚೆನ್ನಾಗಿದ್ದೇವೆ. ನಿನ್ನಮ್ಮನಿಗೆ ಈ ತಿಂಗಳು ಕರ್ಕಾಡಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ವಾರದಿಂದ ಸಮುದ್ರದ ಮಂಜು ಕವಿದು ಕೂತಿದೆ. ನಮ್ಮೂರ ಫುಟ್‌ಬಾಲ್ ತಂಡ ಥಿಸಲ್‌ನ ಅಂಗಿಗಳನ್ನು ಹಿತ್ತಲಲ್ಲಿ ಹರವಿದರೆ ತೊಳೆದಾಗ ಇದ್ದದ್ದಕ್ಕಿಂತ ಹೆಚ್ಚು ಒದ್ದೆಯಾಗುತ್ತವೆ. ಅಡುಗೆಮನೆಯಲ್ಲೇ ಹಗ್ಗ ಕಟ್ಟಿದ್ದೇನೆ. ಗೋಲ್‌ಕೀಪರನ ಅಂಗಿಯ ತೋಳಿನ ಕೆಳಗೆ ಕೂತು ಚಹಾ ಕುಡಿಯುವ ತಾತ "ಈ ಮನೇಲಿ ಹನ್ನೊಂದ್ ಜನ ಬಂದ್ರೂ ಒಬ್ಬನಾದ್ರೂ ಬಾಡಿಗೆ ಕೊಡ್ತಾನಾ ನೋಡು" ಎಂದು ಗೊಣಗುತ್ತಾರೆ. ನಾನು ಇಷ್ಟು ವರ್ಷ ಈ ತಂಡದ ಬಟ್ಟೆ ಒಗೆದಿದ್ದೇನೆ, ಅವರು ಇಷ್ಟು ವರ್ಷ ಗೊಣಗಿದ್ದಾರೆ.

ನಿನ್ನ ಇಂಗ್ಲೆಂಡಿನ ಕ್ಲಬ್ಬು ನಿನ್ನನ್ನು ಕೈಬಿಟ್ಟಿತೆಂಬುದು ಮೇ ತಿಂಗಳಲ್ಲೇ ಊರಿಗೆ ತಿಳಿಯಿತು. ಪತ್ರಿಕೆಯಲ್ಲಿ ಬಂದದ್ದು ಒಂದೇ ಸಾಲು, ಬೇರೆ ಹುಡುಗರ ಹೆಸರುಗಳ ನಡುವೆ ನಿನ್ನದೂ ಇತ್ತು. ಹದಿನಾರನೇ ವಯಸ್ಸಿಗೆ ನೀನು ಅಲ್ಲಿಗೆ ಆಡಲು ಹೊರಟಾಗ ಇಡೀ ಬೀದಿ ಸ್ಟೇಷನ್ನಿಗೆ ಬಂದಿತ್ತಲ್ಲ, ಈಗ ಆ ಬೀದಿಗೇ ನೀನು ಹೆದರುತ್ತಿದ್ದೀ. "ಗೋದಾಮಲ್ಲಿ ಕೆಲಸ ಸಿಕ್ಕಿದೆ, ಇಲ್ಲೇ ಇದ್ದುಬಿಡ್ತೀನಿ. ಯಾವ ಮುಖ ಇಟ್ಕೊಂಡು ಬರ್ಲಿ?" ಎಂದೆಯಂತೆ. ನಿನ್ನಮ್ಮ ಅದನ್ನು ನನಗೆ ಹೇಳಿ, ಸಿಂಕಿನಲ್ಲಿ ಇಲ್ಲದ ಪಾತ್ರೆಗಳನ್ನು ತೊಳೆಯಲು ನಿಂತಳು.

ಜನ ಮಾತಾಡುವುದಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಗಣಿ ಕೆಲಸಗಾರರು ಕುಡಿಯಲು ಸೇರುವ ಕ್ಲಬ್ಬಿನಲ್ಲಿ ಸ್ಯಾಂಡಿ ಬಿರೆಲ್ ನಿನ್ನ ತಾತನನ್ನು ಎಲ್ಲರೆದುರು ಕೇಳಿದನಂತೆ: "ಏನ್ ವಾಟಿ, ನಿಮ್ ಇಂಗ್ಲಿಷ್ ದೊರೆ ಊರಿಗ್ ಬರ್ತಾನೋ, ರಾಣಿ ಜೊತೆ ಚಹಾ ಕುಡ್ಕೊಂಡು ಅಲ್ಲೇ ಇರ್ತಾನೋ?" ತಾತ ಬಿಟ್ಟಾರೆಯೇ? "ಅವ್ನು ನಾಲ್ಕು ವರ್ಷ ದಿನಾ ಓಡಿದಾನೆ ಸ್ಯಾಂಡಿ. ನೀನು ಕೊನೇ ಸಲ ಓಡಿದ್ದು ಬಸ್ ತಪ್ಪಿದಾಗ. ಅದನ್ನೂ ಹಿಡೀಲಿಲ್ಲ." ಎಲ್ಲರೂ ನಕ್ಕರು, ಸ್ಯಾಂಡಿಯೂ ನಕ್ಕ. ಆದರೆ ಮನೆಗೆ ಬಂದ ಮೇಲೆ ತಾತ ತಟ್ಟೆಯಲ್ಲಿದ್ದ ಮಾಂಸದ ಪೈ ಮುಟ್ಟಲಿಲ್ಲ. ಅವರು ಪೈ ಬಿಟ್ಟದ್ದನ್ನು ನಾನು ನೋಡಿರುವುದು ಅಪರೂಪ.

ಒಂದು ವಿಷಯ ನಿನಗೆ ಯಾರೂ ಹೇಳಿಲ್ಲ. ನಿನ್ನ ತಾತನನ್ನೂ ಗ್ಲಾಸ್ಗೋದ ದೊಡ್ಡ ಕ್ಲಬ್ಬೊಂದು ಒಮ್ಮೆ ಕರೆಸಿಕೊಂಡಿತ್ತು. ನಮ್ಮ ಮದುವೆಗೆ ಮುಂಚಿನ ಮಾತು. ಎರಡು ವಾರ ಆಡಿಸಿ ನೋಡಿ, ಬೇಡವೆಂದು ಕಳಿಸಿದರು. ಬಸ್ಸಿಳಿದಾಗ ಟೋಪಿ ಮೂಗಿನವರೆಗೆ ಎಳೆದುಕೊಂಡಿದ್ದರು. ಅವರ ಅಪ್ಪ ಕೇಳಿದ್ದು ಒಂದೇ: "ನಾಳೆ ಪಾಳಿಗ್ ಬರ್ತೀಯಾ?" ಶನಿವಾರ ಬೆಳಗಿನ ಪಾಳಿ ಮುಗಿಸಿ, ಗಣಿಯಿಂದ ನೇರವಾಗಿ ಥಿಸಲ್ ಮೈದಾನಕ್ಕೆ ಹೋದರು. ಕಿವಿಯ ಹಿಂದೆ ಕಲ್ಲಿದ್ದಲ ಪುಡಿ ಹಾಗೇ ಇತ್ತು. "ಏ, ಕಿವಿ ತೊಳ್ಕೊಂಡ್ ಬಾರೋ" ಎಂದ ಎದುರಾಳಿಯನ್ನು ಮಧ್ಯಾಹ್ನವಿಡೀ ಚೆಂಡು ಮುಟ್ಟಲು ಬಿಡಲಿಲ್ಲ. ಊರು ಒಂದು ವಾರ ಗ್ಲಾಸ್ಗೋ ಮಾತಾಡಿತು. ಮುಂದಿನ ವಾರ ಪಾದ್ರಿಯ ನಾಯಿ ಯಾರನ್ನೋ ಕಚ್ಚಿತು, ಆಮೇಲೆ ನಾಯಿಯದೇ ಮಾತು. ತಾತ ಹನ್ನೆರಡು ವರ್ಷ ಥಿಸಲ್‌ಗೆ ಆಡಿದರು. ಅದನ್ನು ಅವರು ಎಂದೂ ಬೇರೆಲ್ಲೂ ಸಿಗದೆ ಉಳಿದ ಜಾಗ, ಸಣ್ಣ ಜಾಗ ಎಂದು ಹೇಳಿದ್ದನ್ನು ನಾನು ಕೇಳಿಲ್ಲ.

ಈಗ ಸುದ್ದಿ. ಶುಕ್ರವಾರ ಡೂಗಲ್ ಮೆಲ್ರೋಸ್ ಕೊಳೆಬಟ್ಟೆಯ ಚೀಲ ತಂದ. ಈ ವರ್ಷದಿಂದ ಥಿಸಲ್‌ಗೆ ಅವನೇ ಮ್ಯಾನೇಜರ್. ಹಗಲು ಇನ್ನೂ ಮನೆಗಳಿಗೆ ಬಣ್ಣ ಬಳಿಯುತ್ತಾನೆ, ಹುಬ್ಬಿನ ಮೇಲೆ ಯಾವಾಗಲೂ ಯಾರದೋ ಮಲಗುವ ಕೋಣೆಯ ಬಣ್ಣ. ಚೀಲ ಇಟ್ಟವನು ಹೊರಡಲಿಲ್ಲ. "ಎಫಿಯಕ್ಕಾ, ರೂರಿ ಏನ್ ಮಾಡ್ತಿದಾನೆ?" ಎಂದ. ಕಾಲು ನೋಯಿಸಿಕೊಂಡಿದ್ದಾನೆ, ಬೇಸರದಲ್ಲಿದ್ದಾನೆ ಎಂದೆ. "ಬೇಸರಕ್ಕೆ ನನ್ ಹತ್ರ ಔಷಧಿ ಇಲ್ಲ. ನನಗೆ ಎಡಗಡೆ ಕಾಯೋನೊಬ್ಬ ಬೇಕು. ಹೋದ ವರ್ಷ ನಮ್ ಎಡಗಡೆ ಬಾಗಿಲಿಲ್ಲದ ಮನೆ ಆಗಿತ್ತು, ದಾರಿಹೋಕರೆಲ್ಲ ನುಗ್ತಿದ್ರು. ವಾರಕ್ಕೆರಡು ಸಂಜೆ ತರಬೇತಿ, ಶನಿವಾರ ಆಟ. ಹಗಲು ನನ್ ಜೊತೆ ಬಣ್ಣದ ಕೆಲಸ. ಏಣಿ ಹತ್ತೋದು ಬೇಡ, ಕೆಳಗಿನ ಗೋಡೆ ಅವ್ನಿಗೇ ಬಿಡ್ತೀನಿ" ಎಂದ. ಊರ ಹುಡುಗನೆಂದು ಅವನ ಮೇಲೆ ಕನಿಕರಪಡುತ್ತಿದ್ದೀಯಾ ಎಂದು ಡೂಗಲ್‌ನನ್ನು ನೇರವಾಗಿ ಕೇಳಿದೆ. "ಕನಿಕರ ಪಟ್ರೆ ನನ್ನನ್ನ ಕ್ರಿಸ್‌ಮಸ್ ಒಳಗೆ ಕೆಲಸದಿಂದ ತೆಗೀತಾರೆ ಅಕ್ಕಾ" ಎಂದ. ಡನ್‌ಫರ್ಮ್‌ಲಿನ್ ಕಡೆಯ ಇನ್ನೊಬ್ಬ ಹುಡುಗ ಆ ಜಾಗಕ್ಕೆ ಸಹಿ ಹಾಕಲು ಕಾಯುತ್ತಿದ್ದಾನಂತೆ.

ನೀನು ದೊಡ್ಡವನಾಗಿದ್ದೀ. ನಿಧಾನವಾಗಿ ಯೋಚಿಸು, ಒತ್ತಾಯವಿಲ್ಲ. ಗೋದಾಮೇ ಮೇಲು ಎನಿಸಿದರೆ ನಿನ್ನ ಅಜ್ಜಿ ಒಂದು ಮಾತೂ ಆಡುವುದಿಲ್ಲ.

ನಿನ್ನಮ್ಮ ಮುತ್ತು ಕಳಿಸಿದ್ದಾಳೆ. ತಾತ ಏನೂ ಕಳಿಸಿಲ್ಲ, ಆದರೆ ನಾನು ಬರೆಯುವಾಗ ಎರಡು ಸಲ ಪೆನ್ನಿಗೆ ಶಾಯಿ ಇದೆಯೇ ಎಂದು ಕೇಳಿದರು. ದೇವರು ನಿನ್ನ ಕಾಲು ಕಾಯಲಿ, ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ.

ನಿನ್ನ ಅಜ್ಜಿ,
ಎಫಿ

ಮರುಬರಹ: ಲಕೋಟೆ ಅಂಟಿಸಲು ಹೋಗಿ ಕೈ ಬರಲಿಲ್ಲ. ಒತ್ತಾಯವಿಲ್ಲ ಎಂದು ಬರೆದದ್ದು ನಿಜವಲ್ಲ. ಡೂಗಲ್ ಬಾಗಿಲಲ್ಲಿ ನಿಂತಿದ್ದಾಗಲೇ "ಬರ್ತಾನೆ, ನನ್ ಹತ್ರ ಹೇಳಿದಾನೆ" ಎಂದುಬಿಟ್ಟೆ. ಅವನು ನಂಬಿ, ನಮ್ಮ ಫೋನಿನಿಂದಲೇ ಆ ಇನ್ನೊಬ್ಬ ಹುಡುಗನಿಗೆ ಬೇಡವೆಂದು ತಿಳಿಸಿದ. ಮೊದಲ ತರಬೇತಿ ಈ ಗುರುವಾರ ಸಂಜೆ ಏಳಕ್ಕೆ. ಎಡಿನ್‌ಬರೋದಲ್ಲಿ ರೈಲು ಬದಲಿಸುವುದನ್ನು ಮರೆಯಬೇಡ. ತಾತನಿಗೆ ಏನೂ ಗೊತ್ತಿಲ್ಲ. ಹೊಸ ಆಟಗಾರರನ್ನು ಬೈಯಲು ಅವರು ಅಂದು ಬೇಲಿಯ ಹತ್ತಿರ ನಿಂತಿರುತ್ತಾರೆ. ಎಡಗಡೆಯವನನ್ನು ಎಲ್ಲರಿಗಿಂತ ಜೋರಾಗಿ ಬೈಯುತ್ತಾರೆ, ಅದು ಅವರ ಪದ್ಧತಿ. ತಲೆ ತಗ್ಗಿಸಬೇಡ, ಅವರತ್ತ ತಿರುಗಿ ಒಮ್ಮೆ ಕೈಯೆತ್ತು.